ಮಿನಿ ಟ್ರ್ಯಾಕ್ಟರಿಗೆ ವೇಟ್: ಮುಂದೆ ಕಬ್ಬಿಣ, ಹಿಂದೆ ನೀರು, ಮೂರು ವರ್ಷದ ಬಳಕೆ

ನಮ್ದು ಚನ್ನಗಿರಿ ಕಡೆ, 24 ಎಚ್‌ಪಿ ಫೋರ್ ವೀಲ್ ಡ್ರೈವ್ ಗಾಡಿ, ಅಡಿಕೆ ತೋಟ, ಮೆಕ್ಕೆಜೋಳದ ಹೊಲ, ನಾಲೆ ಕೆಳಗಿನ ಗದ್ದೆ ಮೂರಕ್ಕೂ ಅದೇ. ಮುಂದೆ 20 ಕೆಜಿದು ನಾಕು ಕಬ್ಬಿಣದ ಪ್ಲೇಟ್ ಹಾಕ್ಸಿದೀನಿ, ಹಿಂದಿನ ಎರಡು ಟೈರಿನ ಒಳಗೆ ನೀರು ತುಂಬ್ಸಿದೀನಿ. ಪ್ಲೇಟಿಗೆ ಐದಕ್ಕೆ ಐದು ಸ್ಟಾರ್, ನೀರಿಗೆ ಮೂರು.

ವೇಟ್ ಹಾಕಿ ಎಲ್ಲಾ ಸರಿಹೋಗತ್ತೆ ಅಂತಾರಲ್ಲ ಅದು ಅರ್ಧ ಮಾತು, ಗಾಡಿ ಹಿಂದೆ ಯಾವ ಸಲಕರಣೆ ಕಟ್ತೀರ ಅನ್ನೋದು ಮುಖ್ಯ. ರೋಟವೇಟರ್ ಅಂದ್ರೆ ತಿರುಗೋ ಬ್ಲೇಡಿಂದ ಮಣ್ಣು ಪುಡಿ ಮಾಡೋದು, ಅದರ ಬ್ಲೇಡು ಚಕ್ರ ತಿರುಗೋ ದಿಕ್ಕಿಗೇ ತಿರುಗ್ತಾ ಗಾಡಿನ ಮುಂದಕ್ಕೆ ತಳ್ಳತ್ತೆ, ಹಾಗಾಗಿ ಅಲ್ಲಿ ಚಕ್ರ ಜಾರೋ ಸಮಸ್ಯೆನೇ ಕಮ್ಮಿ, ಆದ್ರೆ ಅದನ್ನ ಎತ್ಕೊಂಡು ಬದು ಹತ್ತುವಾಗ ಮೂತಿ ಮೇಲಕ್ಕೆ ಎದ್ದು ಸ್ಟೇರಿಂಗ್ ತಿರುಗಿಸಿದ್ರೂ ಗಾಡಿ ನೆಟ್ಟಗೇ ಹೋಗ್ತಿತ್ತು, ತೋಟದಲ್ಲಿ ಸಾಲಿನ ಕೊನೆಗೆ ಇದು ದೊಡ್ಡ ತಲೆನೋವು. ಪ್ಲೇಟ್ ಬಂದ್ಮೇಲೆ ಅದು ನಿಂತೋಯ್ತು. ಫೋರ್ ವೀಲ್ ಆದ್ರೆ ಮುಂದಿನ ಚಕ್ರನೂ ಎಳೀಬೇಕಲ್ಲ, ಅದಕ್ಕೂ ಒಳ್ಳೇದು.

ಕಲ್ಟಿವೇಟರ್ ಅಂದ್ರೆ ಹಲ್ಲಿನ ಉಳುಮೆ ಸಲಕರಣೆ ಕಥೆ ಬೇರೆ, ಅದು ಬರೀ ಎಳೆತ. ಹಿಂದಿನ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಹತ್ತು ಸುತ್ತಿಗೆ ಎಷ್ಟು ದೂರ ಹೋಗತ್ತೆ ಅಂತ ಅಳೀರಿ. ನಂದು ಏನೂ ಎಳೀದೆ ಬರೀ ಓಡಿಸಿದಾಗ 29 ಮೀಟರ್, ಕಲ್ಟಿವೇಟರ್ ಮಣ್ಣಿಗೆ ಇಳಿಸಿ ಎಳೆದ್ರೆ 23, ಅಂದ್ರೆ ಚಕ್ರ ತಿರುಗಿದ್ದರಲ್ಲಿ ನೂರಕ್ಕೆ ಸುಮಾರು 21 ಪಾಲು ಸುಮ್ನೆ ಜಾರಿ ಹೋಗ್ತಿತ್ತು, ಜೊತೆಗೆ ಡೀಸೆಲ್ಲೂ. ನೀರು ತುಂಬಿದ್ಮೇಲೆ ಇಪ್ಪತ್ತೈದೂವರೆ ಬಂತು, ಜಾರೋದು 12ಕ್ಕೆ ಇಳೀತು. ಸೊನ್ನೆ ಆಗ್ಲಿ ಅಂತ ಇನ್ನೂ ತೂಕ ಹೇರ್ಬೇಡಿ, ಸ್ವಲ್ಪ ಜಾರ್ಲೇಬೇಕು, ಇಲ್ಲಾಂದ್ರೆ ಎಳೆತದ ಪೆಟ್ಟೆಲ್ಲ ಗೇರ್‌ಬಾಕ್ಸಿಗೆ.

ತುಂಬೋದು ಸುಲಭ, ಚಕ್ರ ಜಾಕ್ ಮೇಲೆ ಎತ್ತಿ ವಾಲ್ವ್ ಮೇಲ್ಗಡೆ ಬರೋ ಹಂಗೆ ತಿರುಗಿಸಿ ಪೈಪ್ ಹಾಕಿ, ಮಧ್ಯೆ ಮಧ್ಯೆ ಗಾಳಿ ಬಿಡ್ತಾ ಇರಿ, ವಾಲ್ವಿಂದ ನೀರು ಹೊರಗೆ ಬಂದ್ರೆ ಮುಕ್ಕಾಲು ತುಂಬ್ತು ಅಂತ ಲೆಕ್ಕ. ನಮ್ದಕ್ಕೆ ಒಂದೊಂದಕ್ಕೆ 50 ಲೀಟರ್ ಮೇಲೇ ಹಿಡೀತು. ಮಿಕ್ಕಿದ್ದು ಗಾಳಿ, ಅದು ಬೇಕೇ ಬೇಕು, ಪೂರ್ತಿ ನೀರಾದ್ರೆ ಟೈರು ಕಲ್ಲಿನ ಥರ. ವಿದೇಶದಲ್ಲಿ ಚಳಿಗೆ ನೀರು ಹೆಪ್ಪುಗಟ್ಟುತ್ತೆ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸ್ತಾರೆ, ನಮಗೆ ಬೋರ್ ನೀರೇ ಸಾಕು.

ನೀರಿಗೆ ಎರಡು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂದ್ರೆ ಗದ್ದೆ. ಕೆಸರಲ್ಲಿ ತೂಕ ಅಂದ್ರೆ ಹೂತ್ಕೊಳ್ಳೋದೇ, ಪ್ಲೇಟ್ ಆದ್ರೆ ಪಿನ್ ಎಳೆದು ಬದುವಿನ ಮೇಲೆ ಇಟ್ಟು ಇಳೀಬಹುದು, ನೀರು ಹಂಗಲ್ಲ, ಖಾಲಿ ಮಾಡೋಕೆ ಅರ್ಧ ದಿನ. ಪಂಕ್ಚರ್ ಆದ್ರಂತೂ ಅಂಗಡಿಯವ್ನು ದೂರದಿಂದ ನೋಡೇ ಮುಖ ಸಿಂಡರಿಸ್ತಾನೆ. ಈ ಸಲ ನಾಟಿಗೆ ಮುಂಚೆ ನೀರು ತೆಗ್ಸಿ, ಹಿಂದಿನ ಚಕ್ರಕ್ಕೂ ಬೋಲ್ಟ್ ಹಾಕೋ ಕಬ್ಬಿಣದ ವೇಟೇ ತರೋಣ ಅಂತಿದೀನಿ.