‘ಹೆಂಪ್ ಬಟ್ಟೆ’ ಅಂತ 31,000 ರೂಪಾಯಿ ಕೊಟ್ಟೆ, ಅದರಲ್ಲಿ ಹೆಂಪ್‌ನ ಒಂದು ಎಳೆಯೂ ಇರಲಿಲ್ಲ

ಮಕ್ಕಳ ಬಟ್ಟೆ ಹೊಲಿದು ಮಾರುವವರು, ಮನೆಯಲ್ಲಿ ಕೂಸು ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ.

ನಾನು ಧಾರವಾಡದಲ್ಲಿ ಮನೆಯಲ್ಲೇ ಎರಡು ಮಿಷಿನ್ ಇಟ್ಟುಕೊಂಡು ಜಬಲಾ, ಕುಲಾವಿ, ಕುಂಚಿಗೆ, ಸಣ್ಣ ಕೌದಿ ಹೊಲಿಯುತ್ತೇನೆ. ಒಂಬತ್ತು ವರ್ಷ ಆಯಿತು. ಈಚೆಗೆ ‘ಆರ್ಗ್ಯಾನಿಕ್ ಬಟ್ಟೆ ಇದೆಯಾ’ ಅಂತ ಕೇಳುವ ತಾಯಂದಿರು ಜಾಸ್ತಿ ಆಗಿದ್ದಾರೆ. ಹಾಗಾಗಿ ಹೋದ ದೀಪಾವಳಿಗೆ ಮುಂಚೆ ಬೆಂಗಳೂರಿನಲ್ಲಿ ನಡೆದ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಅಲ್ಲಿ ಒಬ್ಬ ವ್ಯಾಪಾರಿ ಸಿಕ್ಕರು. ದೂರು ಇನ್ನೂ ನಡೆಯುತ್ತಿದೆ, ಅದಕ್ಕೆ ಅವರ ಹೆಸರು ಬರೆಯುತ್ತಿಲ್ಲ.

ಅವರು ತೋರಿಸಿದ್ದು ‘55 ಪಾಲು ಹೆಂಪ್, 45 ಪಾಲು ಸಾವಯವ ಹತ್ತಿ’ ಅನ್ನುವ ಬಟ್ಟೆ. ಹೆಂಪ್ ಅಂದರೆ ಒಂದು ಗಿಡದ ನಾರು, ಯಾವ ಗಿಡ ಅಂತ ಮುಂದೆ ಹೇಳುತ್ತೇನೆ. ಈ ಅಳತೆಯ ಬಟ್ಟೆ ಮಾರುಕಟ್ಟೆಯಲ್ಲಿ ನಿಜವಾಗಿಯೂ ಇದೆ, ಸುಳ್ಳಲ್ಲ. ತೆಳು ಕಂದು ಬಣ್ಣ, ಅಲ್ಲಲ್ಲಿ ಎಳೆ ದಪ್ಪಗಾಗಿ ಕೈಗೆ ತಗಲುತ್ತಿತ್ತು. ನಾನು ಅನುಮಾನದಿಂದ ನೋಡುತ್ತಿದ್ದಾಗ ಅವರೇ ಅಂಚಿನಿಂದ ಒಂದು ಎಳೆ ಕಿತ್ತು ಲೈಟರ್ ಹಚ್ಚಿದರು. ಕಾಗದ ಸುಟ್ಟ ವಾಸನೆ ಬಂತು. ಬೂದಿಯನ್ನು ನನ್ನ ಬೆರಳಿಗೆ ಹಚ್ಚಿ, “ನೋಡಿ ಮೇಡಂ, ಪ್ಲಾಸ್ಟಿಕ್ ಇದ್ದಿದ್ರೆ ಗಂಟು ಕಟ್ತಿತ್ತು” ಅಂದರು. ಬೂದಿ ಪುಡಿಪುಡಿಯಾಯಿತು. ನನ್ನ ಅನುಮಾನ ಅಲ್ಲಿಗೆ ಮುಗಿಯಿತು. ಮೊಬೈಲಿಗೆ ಒಂದು ಗಾಟ್ಸ್ (GOTS, ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಸರ್ಟಿಫಿಕೇಟ್ ಕಳಿಸಿದರು. ಮೀಟರಿಗೆ 620ರಂತೆ 50 ಮೀಟರ್ ಹೇಳಿ, ಪೂರ್ತಿ ದುಡ್ಡು ಕೊಟ್ಟು ಬಂದೆ.

ಪಾರ್ಸೆಲ್ ಬಂದಾಗ ಅವಸರದಲ್ಲಿದ್ದೆ. ಯಾವಾಗಲೂ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿದ ಮೇಲೆಯೇ ಕಟಿಂಗ್ ಮಾಡುವವಳು, ಈ ಸಲ ಮಾಡಲಿಲ್ಲ. ಇದು ನನ್ನದೇ ತಪ್ಪು. ಸಂಕ್ರಾಂತಿ ಹೊತ್ತಿಗೆ ಹುಬ್ಬಳ್ಳಿಯ ಮೇಳದಲ್ಲಿ ಮತ್ತು ಮನೆಯಲ್ಲಿ ಸೇರಿ 38 ಜಬಲಾ ಮಾರಿದೆ. ಪ್ರತಿಯೊಂದರ ಚೀಟಿಯ ಮೇಲೂ ‘ಸಾವಯವ ಹತ್ತಿ ಮತ್ತು ಹೆಂಪ್’ ಅಂತ ನನ್ನ ಕೈಯಾರೆ ಬರೆದಿದ್ದೆ.

ಫೆಬ್ರವರಿಯಲ್ಲಿ ಒಬ್ಬ ತಾಯಿ ಫೋನ್ ಮಾಡಿದಳು. “ಅಕ್ಕಾರ, ಭುಜದ ಹೊಲಿಗಿ ಹತ್ರ ಹರದೈತ್ರಿ. ಎರಡ ಸಲಾ ಒಗದೇನ್ರಿ, ಅಷ್ಟ.” ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ತಾನೇ ಏನೋ ತಪ್ಪು ಮಾಡಿದೆನೇನೋ ಅನ್ನುವ ಹಾಗೆ ಕೇಳಿದಳು. ಅದು ನನಗೆ ಇನ್ನೂ ಮರೆತಿಲ್ಲ.

ಉಳಿದಿದ್ದ ತಾನಿನಿಂದ ಒಂದು ಗೇಣು ಬಟ್ಟೆ ಕತ್ತರಿಸಿ ಬಿಸಿನೀರಿನ ಬಕೆಟ್ಟಿಗೆ ಹಾಕಿದೆ. ಹತ್ತು ನಿಮಿಷಕ್ಕೆ ನೀರು ಚಹಾದ ಬಣ್ಣಕ್ಕೆ ತಿರುಗಿತು. ‘ನಾರಿನ ಸಹಜ ಬಣ್ಣ’ ಅಂತ ಹೇಳಿದ್ದರಲ್ಲ, ಅದು ಹಾಕಿದ ಬಣ್ಣ. ಆಮೇಲೆ ಒದ್ದೆ ಬಟ್ಟೆಯಿಂದ ಹೊಕ್ಕಿನ, ಅಂದರೆ ಅಡ್ಡಕ್ಕೆ ಇರುವ, ಒಂದು ಎಳೆ ಬಿಡಿಸಿ ಎರಡೂ ಕೈಯಿಂದ ಜಗ್ಗಿದೆ. ಜಗ್ಗುವುದೇ ಬೇಕಾಗಲಿಲ್ಲ. ಒದ್ದೆ ಕಾಗದದ ಹಾಗೆ ಕಿತ್ತು ಬಂತು. ಪಕ್ಕದಲ್ಲಿ ನನ್ನ ಹಳೇ ಹತ್ತಿ ಸೀರೆಯ ಎಳೆಯನ್ನೂ ಒದ್ದೆ ಮಾಡಿ ಜಗ್ಗಿದೆ. ಬೆರಳು ಕೆಂಪಾಯಿತು, ಎಳೆ ಮಾತ್ರ ಬೇಗ ಹರಿಯಲಿಲ್ಲ. ಆಮೇಲೆ ಹಾಸಿನ, ಅಂದರೆ ಉದ್ದಕ್ಕೆ ಇರುವ, ಎಳೆ ತೆಗೆದು ಕಡ್ಡಿ ಗೀರಿದೆ. ಅದು ಮುದುಡಿಕೊಂಡು ತುದಿಯಲ್ಲಿ ಕರಿ ಗಟ್ಟಿ ಕಾಳಾಯಿತು. ಆ ದಿನ ಅವರು ಸುಟ್ಟು ತೋರಿಸಿದ್ದು ಹೊಕ್ಕಿನ ಎಳೆ ಮಾತ್ರ ಅಂತ ಆಗ ಹೊಳೆಯಿತು.

ಬೆಂಗಳೂರಿನಲ್ಲಿ ಕೇಂದ್ರ ಜವಳಿ ಇಲಾಖೆಯ ಟೆಕ್ಸ್‌ಟೈಲ್ಸ್ ಕಮಿಟಿಯ ಲ್ಯಾಬ್ ಇದೆ. ಅಲ್ಲಿಗೆ ಪೀಸ್ ಕಳಿಸಿದೆ. ಹಾಸು ಪಾಲಿಯೆಸ್ಟರ್ ಬೆರೆತ ಹತ್ತಿ, ಹೊಕ್ಕು ಪೂರ್ತಿ ವಿಸ್ಕೋಸ್ ಅಂತ ವರದಿ ಬಂತು. ಹೆಂಪ್ ಇಲ್ಲವೇ ಇಲ್ಲ.

ಸುಟ್ಟು ನೋಡಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಸಾಲದು. ವಿಸ್ಕೋಸ್ ಅಂದರೆ ಮರದ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ಎಳೆ. ಹತ್ತಿ, ಹೆಂಪ್, ವಿಸ್ಕೋಸ್ ಮೂರೂ ಸುಟ್ಟಾಗ ಒಂದೇ ವಾಸನೆ, ಒಂದೇ ಥರದ ಬೂದಿ. ವ್ಯತ್ಯಾಸ ಗೊತ್ತಾಗುವುದು ನೀರಿನಲ್ಲಿ. ಹತ್ತಿ, ಹೆಂಪ್ ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತವೆ. ಮಾಮೂಲಿ ವಿಸ್ಕೋಸ್ ಒದ್ದೆಯಾದರೆ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ. ದಿನಾ ಒಗೆಯುವ ಕೂಸಿನ ಬಟ್ಟೆಗೆ ಇದಕ್ಕಿಂತ ಕೆಟ್ಟದ್ದು ಏನಿದೆ? ಆದ್ದರಿಂದ ಎಷ್ಟೇ ಅವಸರ ಇದ್ದರೂ ಹಾಸು ಮತ್ತು ಹೊಕ್ಕು ಎರಡರಿಂದಲೂ ಎಳೆ ತೆಗೆದು, ಎರಡನ್ನೂ ಸುಟ್ಟು, ಎರಡನ್ನೂ ಒದ್ದೆ ಮಾಡಿ ಜಗ್ಗಿ ನೋಡಿ. ಸ್ಯಾಂಪಲ್ ತುಂಡಿನಿಂದ ಅಲ್ಲ, ಮನೆಗೆ ಬಂದ ತಾನಿನಿಂದ.

ಇನ್ನೊಂದು ಸುಳಿವು ಅಲ್ಲೇ ಕಣ್ಣ ಮುಂದೆ ಇತ್ತು. ಹೆಂಪ್ ಎಲ್ಲಿ ಬೆಳೆದದ್ದು ಅಂತ ಆ ವ್ಯಾಪಾರಿಯನ್ನು ಕೇಳಿದ್ದಕ್ಕೆ, “ಇಲ್ಲೇ ಹಾವೇರಿ ಕಡೆ, ನಮ್ಮ ರೈತರೇ ಬೆಳೀತಾರೆ” ಅಂದಿದ್ದರು. ನಮ್ಮ ಊರಿನವರೇ ಅಂತ ಖುಷಿಪಟ್ಟಿದ್ದೆ. ಈಗ ಯೋಚಿಸಿದರೆ, ಕನ್ನಡದಲ್ಲಿ ನಾವು ಎಲ್ಲದಕ್ಕೂ ಸೆಣಬು ಅಂದುಬಿಡುತ್ತೇವೆ, ಅಲ್ವಾ? ಗೋಣಿಚೀಲದ ನಾರೂ ಸೆಣಬು, ಹೊಲದಲ್ಲಿ ಹಸಿರು ಗೊಬ್ಬರಕ್ಕೆ ಬಿತ್ತಿ ಹೂ ಬಿಡುವ ಹೊತ್ತಿಗೆ ಉಳುವುದೂ ಸೆಣಬು. ಹೆಂಪ್ ಇವೆರಡೂ ಅಲ್ಲ. ಅದು ಗಾಂಜಾ ಗಿಡದ ಜಾತಿ, ಅಮಲಿನ ಅಂಶ ತೀರಾ ಕಡಿಮೆ ಇರುವ ತಳಿ. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ನಾರಿಗಾಗಿಯೂ ಅದನ್ನು ಬೆಳೆಯುವ ಹಾಗಿಲ್ಲ. 2018ರಲ್ಲಿ ಉತ್ತರಾಖಂಡ ಇಂಥ ಬೇಸಾಯಕ್ಕೆ ಪರವಾನಗಿ ಕೊಡಲು ಶುರು ಮಾಡಿತು, ಅಮಲಿನ ಅಂಶ 0.3 ಪ್ರತಿಶತ ಮೀರಬಾರದು ಅನ್ನುವ ಷರತ್ತಿನ ಮೇಲೆ. ಹೆಂಪ್ ನೂಲು, ಬಟ್ಟೆ ಚೀನಾದಿಂದಲೂ ಬರುತ್ತದೆ. ಬಟ್ಟೆ ಇಟ್ಟುಕೊಂಡರೆ ತಪ್ಪೇನೂ ಇಲ್ಲ, ಹೆದರಬೇಡಿ. ಆದರೆ ‘ಪಕ್ಕದ ಹೊಲದ್ದು’ ಅಂದರೆ ಪರವಾನಗಿ ತೋರಿಸಿ ಅನ್ನಿ.

ಈಗ ಸರ್ಟಿಫಿಕೇಟಿನ ವಿಷಯ. ನನಗೆ ಹೆಚ್ಚು ಸಂಕಟ ಆಗಿದ್ದು ಇಲ್ಲೇ. ಲ್ಯಾಬಿನವರು ನಾರು ಯಾವುದು ಅಂತ ಹೇಳಬಲ್ಲರು. ಹತ್ತಿ ಸಾವಯವವೋ ಅಲ್ಲವೋ ಅಂತ ನೇಯ್ದ ಬಟ್ಟೆ ನೋಡಿ ಖಚಿತವಾಗಿ ಹೇಳಲು ಅವರಿಂದಲೂ ಆಗುವುದಿಲ್ಲ. ಹೊಲದಿಂದ ಜಿನ್ನಿಂಗ್ (ಹತ್ತಿಯಿಂದ ಬೀಜ ಬಿಡಿಸುವುದು), ನೂಲು, ನೇಯ್ಗೆ, ಬಣ್ಣದವರೆಗೆ ಕಾಗದ ಒಂದಕ್ಕೊಂದು ಕೂಡಿ ಬರಬೇಕು. ಆ ಕಾಗದವನ್ನೇ ನಾನು ಓದಿರಲಿಲ್ಲ.

ಓದಿದಾಗ ಗೊತ್ತಾಯಿತು. ಅದು ಬೇರೆ ರಾಜ್ಯದ ಬೇರೊಂದು ಕಂಪನಿಯ ಹೆಸರಿನಲ್ಲಿತ್ತು. ನಾನು ಬಟ್ಟೆ ಕೊಳ್ಳುವ ಐದು ತಿಂಗಳ ಮುಂಚೆಯೇ ಅವಧಿ ಮುಗಿದಿತ್ತು. ಅದಕ್ಕೆ ಸ್ಕೋಪ್ ಸರ್ಟಿಫಿಕೇಟ್ ಅನ್ನುತ್ತಾರೆ. ಇಂಥ ಕಂಪನಿ ಇಂಥ ಕೆಲಸ ಮಾಡಲು ಅರ್ಹ ಅಂತ ಅಷ್ಟೇ ಅದರ ಅರ್ಥ. ನಿಮ್ಮ ಕೈಗೆ ಬಂದ ಬಟ್ಟೆ ಸಾವಯವ ಅಂತ ಅದು ಹೇಳುವುದಿಲ್ಲ. ಒಂದು ಲಾಟ್ ಮಾಲಿಗೆ ಸಂಬಂಧಿಸಿದ್ದು ಟ್ರಾನ್ಸಾಕ್ಷನ್ ಸರ್ಟಿಫಿಕೇಟ್. ನಮ್ಮಂಥವರ 50 ಮೀಟರಿಗೆ ಅದನ್ನು ಬೇರೆ ಮಾಡಿಸಿ ಕೊಡುವುದು ಕಷ್ಟ, ಒಪ್ಪುತ್ತೇನೆ. ಆದರೆ ವ್ಯಾಪಾರಿ ತಾನು ಮಾಲು ತಂದಾಗ ಬಂದದ್ದನ್ನಾದರೂ ತೋರಿಸಬೇಕು. ಗಾಟ್ಸ್ ಚಿಹ್ನೆಯ ಜೊತೆ ಪ್ರಮಾಣೀಕರಿಸಿದವರ ಹೆಸರು, ಲೈಸೆನ್ಸ್ ನಂಬರ್ ಇರಲೇಬೇಕು. ಆ ನಂಬರನ್ನು ಗಾಟ್ಸ್‌ನ ಜಾಲತಾಣದಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಎರಡೇ ನಿಮಿಷದ ಕೆಲಸ.

ಅದಕ್ಕಿಂತ ಸುಲಭದ ಲೆಕ್ಕವೂ ಇತ್ತು. ಗಾಟ್ಸ್ ಸಿಗಬೇಕಾದರೆ ಕನಿಷ್ಠ 70 ಪಾಲು ಸಾವಯವ ನಾರು ಬೇಕು, ಬರೀ ‘ಆರ್ಗ್ಯಾನಿಕ್’ ಅಂತ ಹಾಕಲು 95. ಆ ವ್ಯಾಪಾರಿಯೇ ನನಗೆ, “ಹೆಂಪ್‌ಗೆ ಔಷಧಿ ಹೊಡೆಯೋದಿಲ್ಲ ಮೇಡಂ, ಅದಕ್ಕೆ ಸರ್ಟಿಫಿಕೇಟ್ ಬೇಡ” ಅಂದಿದ್ದರು. ಹಾಗಾದರೆ ಉಳಿದದ್ದು 45 ಪಾಲು ಹತ್ತಿ. 45 ಪಾಲಿಗೆ ಗಾಟ್ಸ್ ಹೇಗೆ ಬಂತು? ಅಲ್ಲೇ ಕೇಳಬೇಕಿತ್ತು. ಒಸಿಎಸ್ ಬ್ಲೆಂಡೆಡ್ (OCS, ಸಾವಯವ ನಾರು ಬೆರೆತ ಬಟ್ಟೆಗೆ) ಅನ್ನುವ ಇನ್ನೊಂದು ಗುರುತಿದೆ, ಅದಕ್ಕೆ 5 ಪಾಲು ಸಾವಯವ ಇದ್ದರೂ ನಡೆಯುತ್ತದೆ. ಚಿಹ್ನೆ ನೋಡಿ ಸುಮ್ನೆ ಆಗಬೇಡಿ, ಅದರ ಪಕ್ಕದ ಅಂಕಿ ಓದಿ.

ಮೋಸ ಹೋದದ್ದು ನಾನೊಬ್ಬಳೇ ಅಲ್ಲ ಅಂತಲೂ ಗೊತ್ತಾಯಿತು. 2020ರಲ್ಲಿ ಭಾರತದಲ್ಲಿ ನಕಲಿ ಕಾಗದ ತೋರಿಸಿ 20,000 ಟನ್ ಹತ್ತಿಯನ್ನು ಸಾವಯವ ಅಂತ ಮಾಡಿದ್ದನ್ನು ಗಾಟ್ಸ್ ಸಂಸ್ಥೆಯೇ ಪತ್ತೆ ಹಚ್ಚಿ, 11 ಕಂಪನಿಗಳನ್ನು ನಿಷೇಧಿಸಿತು. ಇದರಲ್ಲಿ ನಿಜವಾಗಿ ಔಷಧಿ ಇಲ್ಲದೆ ಹತ್ತಿ ಬೆಳೆಯುವ ರೈತರಿಗೆ ಆಗುವ ಅನ್ಯಾಯ ನೆನೆದರೆ ಹೊಟ್ಟೆ ಉರಿಯುತ್ತದೆ. ನಮ್ಮ ಭಾಗದಲ್ಲೇ ಜಯಧರ್ ಅನ್ನುವ ದೇಸಿ ಹತ್ತಿ ಬೆಳೆದವರಿದ್ದಾರೆ.

ವ್ಯಾಪಾರಿಗೆ ವರದಿ ಕಳಿಸಿದೆ. “ಮಿಲ್ಲಿನವರ ತಪ್ಪು” ಅಂದರು. ಆಮೇಲೆ ಫೋನ್ ಎತ್ತಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆ. ‘ನೀವು ವ್ಯಾಪಾರಕ್ಕೆ ಕೊಂಡಿದ್ದು, ಗ್ರಾಹಕರಲ್ಲ’ ಅಂತ ಕೆಲವರು ಹೆದರಿಸಿದರು. 2019ರ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಕೊಂಡವರೂ ಗ್ರಾಹಕರೇ. ಐದು ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ನಾವಿರುವ ಜಿಲ್ಲೆಯಲ್ಲೇ ಕೊಡಬಹುದು, ಎರಡು ವರ್ಷದ ಒಳಗೆ ಕೊಡಬೇಕು. ಬಿಲ್ಲು, ಮೆಸೇಜು, ಒಂದು ಮೀಟರ್ ಕತ್ತರಿಸದ ಬಟ್ಟೆ, ಇವನ್ನು ಎತ್ತಿಡಿ. ಬಿಲ್ಲಿನಲ್ಲಿ ಬರೀ ‘ಫ್ಯಾಬ್ರಿಕ್’ ಅಂತ ಇರಬಾರದು. ಯಾವ ನಾರು ಎಷ್ಟು ಪಾಲು ಅಂತ ಬರೆಸಿಕೊಳ್ಳಿ. ನನ್ನದರಲ್ಲಿ ಬರೆದಿರಲಿಲ್ಲ, ಈಗ ಮೆಸೇಜುಗಳನ್ನೇ ಸಾಕ್ಷಿಯಾಗಿ ಕೊಟ್ಟಿದ್ದೇನೆ.

38 ಜಬಲಾ ಪೈಕಿ 29 ವಾಪಸ್ ಬಂದಿವೆ, ಅಷ್ಟೂ ಜನರಿಗೆ ದುಡ್ಡು ಕೊಟ್ಟಿದ್ದೇನೆ. ಒಂಬತ್ತು ಇನ್ನೂ ಹೊರಗಿವೆ, ಕೊಂಡವರ ನಂಬರ್ ನನ್ನ ಹತ್ತಿರ ಇಲ್ಲ. ಈ ಸಂಕ್ರಾಂತಿಗೆ ಹುಬ್ಬಳ್ಳಿಯ ಮೇಳದಲ್ಲಿ ತೆಳು ಕಂದು ಬಣ್ಣದ, ಕುತ್ತಿಗೆಯ ಸುತ್ತ ಹಸಿರು ದಾರದ ಕಸೂತಿ ಇರುವ ಜಬಲಾ ತಗೊಂಡವರು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಹರಿದಿದ್ದರೂ ಪರವಾಗಿಲ್ಲ, ಚೀಟಿ ಇಲ್ಲದಿದ್ದರೂ ಪರವಾಗಿಲ್ಲ. ಹೊಲಿಗೆ ನನ್ನದು, ನೋಡಿದ ಕೂಡಲೇ ಗುರುತಿಸುತ್ತೇನೆ.