ಬಣ್ಣದ ಗುಂಡಿಗಿಂತ ಕಾಫಿ ಬೀಜವೇ ವಾಸಿ: ಚಿಕ್ಕಮಗಳೂರಿನ ಒಂದು ಚಾಕೊಲೇಟ್ ಅಂಗಡಿ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಈ ಅಂಗಡಿಯು ಸಕ್ಕರೆ ಕವಚದ ಎರಡು ಬಗೆಯ ಚಾಕೊಲೇಟನ್ನು ತಾನೇ ತಯಾರಿಸಿ ಮಾರುತ್ತದೆ. ಮಕ್ಕಳು ಮುಗಿಬೀಳುವ ಬಣ್ಣದ ಗುಂಡಿಗಳು ಒಂದು. ಹುರಿದ ಕಾಫಿ ಬೀಜಕ್ಕೆ ಚಾಕೊಲೇಟ್ ಹಚ್ಚಿ, ಅದರ ಮೇಲೆ ಸಕ್ಕರೆ ಕಟ್ಟಿಸಿದ್ದು ಇನ್ನೊಂದು. ಹಿಂದಿನ ಕೋಣೆಯಲ್ಲಿ ಕವಚ ಕಟ್ಟಲು ಓರೆಯಾಗಿ ತಿರುಗುವ ಬಾಣಲೆ, ಅಂದರೆ ಕೋಟಿಂಗ್ ಪ್ಯಾನು, ಗಾಜಿನ ಈಚೆಯಿಂದಲೇ ಕಾಣುತ್ತದೆ.

ಸಂಕ್ರಾಂತಿಗೆ ಮನೆಯಲ್ಲಿ ಕುಸುರೆಳ್ಳು ಮಾಡಿದವರಿಗೆ ಈ ಕೆಲಸದ ಗುಟ್ಟು ಹೊಸದೇನಲ್ಲ: ಒಂದಿಷ್ಟೇ ಪಾಕ ಹಾಕಿ, ಕೈಯಾಡಿಸಿ, ಅದು ಆರಿದ ಮೇಲಷ್ಟೇ ಮುಂದಿನ ಪಾಕ. ಆದರೆ ಎಳ್ಳಿನ ಕೆಳಗೆ ಸಣ್ಣ ಉರಿ ಇಡಬಹುದು, ಚಾಕೊಲೇಟಿನ ಕೆಳಗೆ ಇಡಲಾಗದು. ಚಾಕೊಲೇಟಿನೊಳಗಿನ ಕೊಬ್ಬಾದ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಆದ್ದರಿಂದ ಪ್ಯಾನಿನೊಳಕ್ಕೆ ತಂಪಾದ ಒಣಗಾಳಿಯನ್ನು ಊದಿ ಒಂದೊಂದು ಪದರವನ್ನೂ ಒಣಗಿಸಬೇಕಾಗುತ್ತದೆ. ಹೀಗೆ ಹತ್ತಾರು ಪದರ ಕೂಡಿದಾಗ ಕಟುಮ್ಮೆನ್ನುವ ಕವಚ ಸಿದ್ಧವಾಗುತ್ತದೆ. ಬಣ್ಣ ಬೀಳುವುದು ಕೊನೆಯ ಕೆಲವು ಪದರಗಳಿಗೆ ಮಾತ್ರ, ಹೊಳಪು ಬರುವುದು ಎಲ್ಲಕ್ಕೂ ಕೊನೆಗೆ ಸವರುವ ಕಾರ್ನಾಬಾ ಮೇಣದಿಂದ (ತಾಳೆ ಜಾತಿಯ ಮರವೊಂದರ ಎಲೆಯ ಮೇಣ). ಮಲೆನಾಡಿನ ಮಳೆಗಾಲದಲ್ಲಿ ಆ ಒಣಗಾಳಿಯನ್ನು ಒದಗಿಸುವುದೇ ದೊಡ್ಡ ಖರ್ಚು.

ಬಣ್ಣದ ಗುಂಡಿಗಳು ಸೋತಿರುವುದು ಇಲ್ಲಿಯೇ. ಹಳದಿಯ ಮೇಲೆ ಅಲ್ಲಲ್ಲಿ ಬಿಳಿ ಮಚ್ಚೆಗಳಿವೆ, ಕೆಂಪು ಬೆರಳಿಗೆ ಹತ್ತುತ್ತದೆ. ಒಳಪದರದ ತೇವ ಆರುವ ಮೊದಲೇ ಮುಂದಿನ ಪಾಕ ಸುರಿದಿರುವುದರ ಲಕ್ಷಣಗಳಿವು. ಆಕಾರದ ತೊಡಕೂ ಇದೆ. ದೊಡ್ಡ ಕಾರ್ಖಾನೆಗಳಲ್ಲಿ ಕರಗಿದ ಚಾಕೊಲೇಟನ್ನು ಕುಳಿಗಳಿರುವ ಎರಡು ತಣ್ಣನೆಯ ರೋಲರುಗಳ ನಡುವೆ ಹಾಯಿಸುವುದರಿಂದ ಎರಡೂ ಬದಿ ಉಬ್ಬಿದ ಗುಂಡಿಗಳು ಒಂದಕ್ಕೊಂದು ಅಂಟಿದ ಹಾಳೆಯಾಗಿ ಬರುತ್ತವೆ, ಆಮೇಲೆ ಉರುಳಿಸಿದಾಗ ಅಂಚಿನ ತೆಳು ಚೂರುಗಳು ಉದುರಿಹೋಗುತ್ತವೆ. ಈ ಅಂಗಡಿಯವರು ಅಚ್ಚಿನಲ್ಲಿ ಹುಯ್ಯುವುದರಿಂದ ಒಂದು ಬದಿ ಚಪ್ಪಟೆ. ಚಪ್ಪಟೆ ಮೈಗಳೆರಡು ಪ್ಯಾನಿನಲ್ಲಿ ಎದುರಾದರೆ ಪಾಕವೇ ಗೋಂದಾಗುತ್ತದೆ. ನಾನು ಕೊಂಡ ಪೊಟ್ಟಣದಲ್ಲಿ ಜೋಡಿ ಗುಂಡಿಗಳು ಹಲವಿದ್ದವು. (ಮಕ್ಕಳಿಗೆ ಅದು ಲಾಭವೆಂದೇ ಕಂಡಿತು.)

ಕಾಫಿ ಬೀಜದ್ದು ಬೇರೆಯೇ ಮಾತು. ಬೀಜದ ಸೀಳಿನ ಬದಿಯನ್ನು ಚಾಕೊಲೇಟು ತುಂಬಿ ದುಂಡಗಾಗಿಸಿರುವುದರಿಂದ ಅಂಟುವ ಪ್ರಶ್ನೆಯಿಲ್ಲ. ಕವಚ ತೆಳ್ಳಗಿದ್ದು ಹಲ್ಲಿಗೆ ಒಮ್ಮೆಲೇ ಒಡೆಯುತ್ತದೆ. ಮೊದಲು ಸಿಹಿ, ಆಮೇಲೆ ಕೋಕೋ, ಕಡೆಗೆ ಹುರಿದ ಬೀಜದ ಕಹಿ ನಾಲಗೆಯಲ್ಲಿ ಉಳಿಯುತ್ತದೆ. ಬಣ್ಣ ಹಾಕದೆ ಕಂದು ಹೊಳಪಿನಲ್ಲಷ್ಟೇ ಬಿಟ್ಟಿರುವುದು ಒಳ್ಳೆಯ ತೀರ್ಮಾನ. ಬೆಲೆ ಗುಂಡಿಗಳಿಗಿಂತ ಹೆಚ್ಚಾದರೂ ಕೊಟ್ಟ ಹಣಕ್ಕೆ ಮೋಸವಿಲ್ಲ.

ಮನೆಗೆ ತಂದ ಮೇಲೆ ಫ್ರಿಜ್ಜಿನಲ್ಲಿ ಇಡಬಾರದು. ಹೊರತೆಗೆದಾಗ ನೀರು ಕೂತು ಕವಚ ಜಿಗುಟಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿ ಸಾಕು. ಗುಂಡಿಗಳ ಪೊಟ್ಟಣದ ಚೀಟಿಯಲ್ಲಿ ಯಾವ ಬಣ್ಣ ಬಳಸಿದ್ದಾರೆಂಬ ವಿವರವಿಲ್ಲ. ಕೇಳಿದರೆ ಅಂಗಡಿಯವರು ಸೌಜನ್ಯದಿಂದಲೇ ಹೇಳುತ್ತಾರೆ, ಆದರೆ ಮಕ್ಕಳು ತಿನ್ನುವ ಪದಾರ್ಥದಲ್ಲಿ ಅದು ಅಚ್ಚಾಗಿಯೇ ಇರಬೇಕು.