1776ರ ಸಂಚಿಕೆ ಕೊಳ್ಳುವವರೇ, ಮೊದಲು ಪುಟ ಎಣಿಸಿ

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸುದ್ದಿಯಿರುವ ಹಳೇ ಪತ್ರಿಕೆಗಳನ್ನು ಆನ್‌ಲೈನಿನಲ್ಲಿ ಕೊಳ್ಳುವವರು ದಯವಿಟ್ಟು ಇದನ್ನು ಓದಿ.

ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನ 1776ರ ಆಗಸ್ಟ್ ಸಂಚಿಕೆ ತರಿಸಿದ್ದೆ. ಸ್ವಾತಂತ್ರ್ಯ ಘೋಷಣೆ ಅದರಲ್ಲಿ ಅಚ್ಚಾಗಿದೆ. ಘೋಷಣೆಯನ್ನು ಮೊದಲು ಹಾಕಿದ ಪತ್ರಿಕೆ ‘ಪೆನ್ಸಿಲ್ವೇನಿಯಾ ಈವ್ನಿಂಗ್ ಪೋಸ್ಟ್’, ಜುಲೈ 6ರಂದು. ಅದು ನಮ್ಮಂಥವರ ಕೈಗೆ ಎಟುಕುವುದಿಲ್ಲ. ಹಾಗಾಗಿ ಎಲ್ಲರ ಕಣ್ಣೂ ಈ ಮಾಸಿಕದ ಮೇಲೆ. ಬಂಡಾಯಗಾರರ ಘೋಷಣೆಯನ್ನು ಬ್ರಿಟಿಷರು ತಮ್ಮದೇ ಪತ್ರಿಕೆಯಲ್ಲಿ ಓದಿದ್ದರು ಅನ್ನುವುದೇ ಒಂದು ಮಜಾ ಅಲ್ವಾ?

ಮಾರಾಟಗಾರ ‘ಅಸಲಿ, ಸಂಪೂರ್ಣ’ ಎಂದು ಬರೆದು ಘೋಷಣೆಯ ಪುಟದ ಫೋಟೊ ಹಾಕಿದ್ದ. ಆ ಪುಟವೇನೋ ಅಸಲಿಯೇ. ಆದರೆ ಸೇಂಟ್ ಜಾನ್ಸ್ ಗೇಟ್ ಎಂಬ ಲಂಡನ್ನಿನ ಹಳೇ ಹೆಬ್ಬಾಗಿಲಿನ ಚಿತ್ರವಿರುವ ಮೊದಲ ಪುಟ ಈಚೆಗೆ ಮುದ್ರಿಸಿ ಬಣ್ಣ ಹಚ್ಚಿ ಹಳೆಯದು ಮಾಡಿದ್ದು. ನಡುವೆ ಒಂದಷ್ಟು ಹಾಳೆಗಳೇ ಇಲ್ಲ, ಬ್ಲೇಡಿನಲ್ಲಿ ಕತ್ತರಿಸಿದ ಅಂಚು ಮಾತ್ರ ಇದೆ. ಕೊನೆಯ ಹಾಳೆಗಳು ಬೇರೆ ತಿಂಗಳಿನವು!

ಆ ಕಾಲದ ಓದುಗರು ವರ್ಷದ ಸಂಚಿಕೆಗಳನ್ನು ಸೇರಿಸಿ ಬೈಂಡ್ ಮಾಡಿಸುತ್ತಿದ್ದರು. ಕೆಲವು ವ್ಯಾಪಾರಿಗಳು ಆ ಸಂಪುಟ ಬಿಚ್ಚಿ ಭೂಪಟ, ಚಿತ್ರಗಳನ್ನು ಬೇರೆ ಮಾರುತ್ತಾರೆ. ಯುದ್ಧದ ಭೂಪಟಕ್ಕೆ ಜಾಸ್ತಿ ದುಡ್ಡು. ಉಳಿದ ಹಾಳೆಗಳನ್ನು ಹೊಂದಿಸಿ ‘ಸಂಚಿಕೆ’ ಮಾಡುತ್ತಾರೆ.

ಕೈಗೆ ಬಂದ ಕೂಡಲೇ ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಆಗಿನದು ಚಿಂದಿ ಬಟ್ಟೆಯಿಂದ ಕೈಯಲ್ಲಿ ತಯಾರಿಸಿದ ಕಾಗದ. ಸಾಮಾನ್ಯವಾಗಿ ಕಾಗದ ತಯಾರಿಸುವ ಚೌಕಟ್ಟಿನ ತಂತಿಯ ಗೆರೆಗಳು ಕಾಣುತ್ತವೆ. ಅಕ್ಷರದ ಮೊಳೆ ಒತ್ತಿದ ಗುರುತು ಹಿಂಬದಿಯಲ್ಲಿ ಬೆರಳಿಗೆ ಸಿಗುತ್ತದೆ. ನನಗೆ ಬಂದ ಮೊದಲ ಪುಟದಲ್ಲಿ ಎರಡೂ ಇರಲಿಲ್ಲ. ಹಳದಿಯಾಗಿ ಪುಡಿಪುಡಿಯಾಗುವ ಕಾಗದ ಕಂಡರೆ ಖುಷಿಪಡಬೇಡಿ. ಅದು ಮರದ ತಿರುಳಿನದು, ಎಷ್ಟೋ ಕಾಲದ ನಂತರದ್ದು. ಜಾರ್ಜ್ ವಾಷಿಂಗ್ಟನ್ ಸಾವಿನ ಸುದ್ದಿಯಿರುವ 1800ರ ಜನವರಿ 4ರ ‘ಅಲ್ಸ್ಟರ್ ಕೌಂಟಿ ಗೆಜೆಟ್’ ಎಂಬ ನ್ಯೂಯಾರ್ಕ್ ರಾಜ್ಯದ ಪತ್ರಿಕೆ ಅಂತೂ ಸಿಕ್ಕಿದ್ದೆಲ್ಲ ಬಹುತೇಕ ಮರುಮುದ್ರಣವೇ.

ದುಡ್ಡು ಕೊಡುವ ಮೊದಲೇ ಎಲ್ಲ ಪುಟಗಳ ಫೋಟೊ ಕೇಳಿ. ಹಾಥಿಟ್ರಸ್ಟ್ ಎಂಬ ಆನ್‌ಲೈನ್ ಗ್ರಂಥಭಂಡಾರದಲ್ಲಿ ಈ ಮಾಸಿಕದ ಸ್ಕ್ಯಾನ್ ಉಚಿತವಾಗಿದೆ, ಪುಟಸಂಖ್ಯೆ ತಾಳೆ ನೋಡಿ. ‘ಅಸಲಿ’ ಪ್ರಮಾಣಪತ್ರಕ್ಕೆ ಮರುಳಾಗಬೇಡಿ. ನನಗೆ ಬಂದ ಪ್ರಮಾಣಪತ್ರವನ್ನು ಮಾರಿದವನೇ ಬರೆದಿದ್ದ.

ದೂರು ಕೊಟ್ಟರೆ ‘ಹಳೇ ವಸ್ತು, ಸಣ್ಣಪುಟ್ಟ ಕೊರತೆ ಇದ್ದೇ ಇರುತ್ತದೆ’ ಎಂದ. ಸ್ಕ್ಯಾನ್ ಪಕ್ಕದಲ್ಲಿಟ್ಟು ತೆಗೆದ ಫೋಟೊ ಕಳಿಸಿದ ಮೇಲೆ ದುಡ್ಡು ಬಂತು, ಅಂಚೆ ಖರ್ಚು ಬರಲಿಲ್ಲ. ವಾಪಸ್ ಕಳಿಸಿದ ಅದೇ ಪ್ರತಿಯನ್ನು ಅದೇ ಫೋಟೊ ಹಾಕಿ ಮತ್ತೆ ಮಾರಾಟಕ್ಕಿಟ್ಟಿದ್ದಾನೆ.